ತೊನ್ನಿಗೆ ಸೊರಾಲೆನ್ ಮತ್ತು ಬಿಸಿಲು: ಅಳತೆ ತಪ್ಪದೆ ಚಿಕಿತ್ಸೆ ಪಡೆಯುವ ಬಗೆ

ತೊನ್ನು ಕಾಣಿಸಿಕೊಂಡವರಿಗೆ ನಮ್ಮ ಊರುಗಳಲ್ಲಿ ಸಿಗುವ ಮೊದಲ ಸಲಹೆಗಳಲ್ಲಿ ಒಂದು, ಗ್ರಂಧಿಗೆ ಅಂಗಡಿಯಿಂದ ಬಾವಂಚಿ ಎಣ್ಣೆ ತಂದು ಬಿಳಿ ಮಚ್ಚೆಗೆ ಹಚ್ಚಿ ಬಿಸಿಲಿಗೆ ಕುಳಿತುಕೊಳ್ಳಬೇಕೆಂಬುದು. ಈ ಸಲಹೆಯಲ್ಲಿ ಸತ್ಯವೂ ಇದೆ, ಅಪಾಯವೂ ಇದೆ. ಬಾವಂಚಿ ಬೀಜದಲ್ಲಿರುವ ಸೊರಾಲೆನ್ ಎಂಬ ವಸ್ತು ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತದೆ, ಮತ್ತು ಆಧುನಿಕ ಚರ್ಮವೈದ್ಯರು ತೊನ್ನಿಗೆ ದಶಕಗಳಿಂದ ಬಳಸುತ್ತಿರುವ ಔಷಧಿಗಳು ಇದೇ ಕುಲಕ್ಕೆ ಸೇರಿದವು. ಆದರೆ ಅಳತೆಯಿಲ್ಲದೆ ಹಚ್ಚಿಕೊಂಡು ಬಿಸಿಲಿಗೆ ಹೋದವರ ಚರ್ಮದ ಮೇಲೆ ಅಂಗೈಯಗಲದ ಬೊಬ್ಬೆಗಳು ಏಳುವುದೂ ಇದೇ ವಸ್ತುವಿನಿಂದ. ಬಣ್ಣ ತರುವ ಕ್ರಿಯೆಯೂ ಸುಡುವ ಕ್ರಿಯೆಯೂ ಒಂದೇ ಆಗಿರುವುದರಿಂದ, ಔಷಧಿಯ ಪ್ರಮಾಣ, ಅದನ್ನು ತೆಗೆದುಕೊಂಡ ಹೊತ್ತು ಮತ್ತು ಬಿಸಿಲಿನಲ್ಲಿ ಇದ್ದ ನಿಮಿಷಗಳು ಈ ಚಿಕಿತ್ಸೆಯಲ್ಲಿ ಎಲ್ಲವನ್ನೂ ನಿರ್ಧರಿಸುತ್ತವೆ. ಚರ್ಮರೋಗ ತಜ್ಞರು ಈ ಚಿಕಿತ್ಸೆಯನ್ನು ಬರೆದುಕೊಟ್ಟ ಮೇಲೆ ಮನೆಯಲ್ಲಿ ಅದನ್ನು ಹೇಗೆ ನಡೆಸಬೇಕು, ಎಲ್ಲಿ ಎಚ್ಚರವಹಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ವೈದ್ಯರ ಸಲಹೆಯಿಲ್ಲದೆ ಸ್ವತಃ ಆರಂಭಿಸಬೇಕಾದ ಚಿಕಿತ್ಸೆ ಇದಲ್ಲ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ತೊನ್ನು ಕುಷ್ಠವಲ್ಲ, ಅಂಟುರೋಗವೂ ಅಲ್ಲ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡುವುದರಿಂದ ಆ ಭಾಗ ಬೆಳ್ಳಗಾಗುತ್ತದೆ. ತೊನ್ನಿನ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಪೂರ್ತಿಯಾಗಿ ಇರುತ್ತದೆ. ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ಅದು ಬೇರೆ ರೋಗವಾಗಿರಬಹುದು, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಬಿಳಿಯಾದದ್ದೆಲ್ಲವೂ ತೊನ್ನಲ್ಲದ ಕಾರಣ, ರೋಗ ಯಾವುದೆಂದು ಖಚಿತವಾಗದೆ ಬೆಳಕಿನ ಚಿಕಿತ್ಸೆಗೆ ಕೈಹಾಕಬಾರದು.

ಗಿಡದಿಂದ ಗುಳಿಗೆಯವರೆಗೆ

ಸೊರಾಲೆನ್ ಮತ್ತು ಅದರ ಬಂಧು ವಸ್ತುಗಳನ್ನು ರಸಾಯನಶಾಸ್ತ್ರದಲ್ಲಿ ಫ್ಯುರಾನೊಕೌಮರಿನ್‌ಗಳೆಂದು ಕರೆಯುತ್ತಾರೆ. ಶಿಲೀಂಧ್ರಗಳಿಂದಲೂ ಎಲೆ ತಿನ್ನುವ ಕೀಟಗಳಿಂದಲೂ ತಮ್ಮನ್ನು ಕಾಪಾಡಿಕೊಳ್ಳಲು ಗಿಡಗಳು ಇವುಗಳನ್ನು ತಯಾರಿಸಿಕೊಳ್ಳುತ್ತವೆ. ನಿಂಬೆಯ ಕುಟುಂಬ, ಸೆಲೆರಿ ಮತ್ತು ಪಾರ್ಸ್ಲಿ ಸೇರಿದ ಕುಟುಂಬ, ಅಂಜೂರ ಹಾಗೂ ಬಾವಂಚಿ ಇವುಗಳಿಗೆ ಮುಖ್ಯ ನೆಲೆಗಳು. ಈಜಿಪ್ಟಿನ ನೈಲ್ ನದಿಯ ಬಯಲಿನಲ್ಲಿ ಬೆಳೆಯುವ ಅಮ್ಮಿ ಮೇಜಸ್ ಎಂಬ ಗಿಡದ ಬೀಜವನ್ನು ಸೇವಿಸಿ ಬಿಸಿಲಿಗೆ ನಿಲ್ಲುವ ಪದ್ಧತಿ ಅರಬ್ ವೈದ್ಯದಲ್ಲಿ ಬಹು ಹಿಂದಿನಿಂದ ಇತ್ತು. 13ನೇ ಶತಮಾನದ ಇಬ್ನ್ ಅಲ್-ಬೈತಾರ್ ಎಂಬ ಸಸ್ಯವೈದ್ಯ ಅದನ್ನು ದಾಖಲಿಸಿದ್ದಾನೆ. ನಮ್ಮಲ್ಲಿ ಆಯುರ್ವೇದವು ಬಾಕುಚಿ ಎಂಬ ಹೆಸರಿನಿಂದ ಬಾವಂಚಿಯನ್ನು ಶ್ವಿತ್ರಕ್ಕೆ, ಅಂದರೆ ತೊನ್ನಿಗೆ, ಬಳಸುತ್ತ ಬಂದಿದೆ. ಪರಸ್ಪರ ದೂರದ ಎರಡು ನಾಡುಗಳ ಜನರು ಸಂಬಂಧವೇ ಇಲ್ಲದ ಎರಡು ಗಿಡಗಳಲ್ಲಿ ಒಂದೇ ಜಾತಿಯ ವಸ್ತುವಿನ ಗುಣವನ್ನು ಗುರುತಿಸಿದ್ದು ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

1933ರಲ್ಲಿ ಜೋಯಿಸ್, ಮಂಜುನಾಥ್ ಮತ್ತು ವೆಂಕಟರಾವ್ ಎಂಬ ಭಾರತೀಯ ವಿಜ್ಞಾನಿಗಳು ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆ ನಡೆಸಿ ಸೊರಾಲೆನ್ ಅನ್ನು ಬೇರ್ಪಡಿಸಿದ ವರದಿಯನ್ನು ಪ್ರಕಟಿಸಿದರು. 1940ರ ದಶಕದಲ್ಲಿ ಈಜಿಪ್ಟಿನಲ್ಲಿ ಅಮ್ಮಿ ಮೇಜಸ್ ಬೀಜದಿಂದ ಶುದ್ಧ ಹರಳುಗಳನ್ನು ತೆಗೆಯಲಾಯಿತು, ಮತ್ತು ಕೈರೋದ ಚರ್ಮವೈದ್ಯ ಅಬ್ದುಲ್ ಮೊನೆಮ್ ಎಲ್ ಮೊಫ್ತಿ ಅವನ್ನು ತೊನ್ನಿನ ರೋಗಿಗಳಿಗೆ ಕೊಟ್ಟು 1948ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಆ ಹರಳುಗಳಲ್ಲೊಂದು ಇಂದು ಮೆಥಾಕ್ಸಲೆನ್ ಎಂಬ ಹೆಸರಿನಲ್ಲಿ ಔಷಧಿಯಾಗಿ ಸಿಗುತ್ತದೆ. ಟ್ರಯಾಕ್ಸಲೆನ್ ಅದರ ಇನ್ನೊಂದು ಬಂಧು. ಬಾಯಿಯಿಂದ ತೆಗೆದುಕೊಂಡಾಗ ಚರ್ಮವನ್ನು ಸುಡುವ ಗುಣ ಅದಕ್ಕೆ ಕಡಿಮೆಯಿರುವುದರಿಂದ ಬಿಸಿಲಿನೊಂದಿಗೆ ನಡೆಸುವ ಚಿಕಿತ್ಸೆಗೆ ವೈದ್ಯರು ಹೆಚ್ಚಾಗಿ ಅದನ್ನೇ ಆರಿಸುತ್ತಾರೆ. ಔಷಧಿಯ ನಂತರ ಆಸ್ಪತ್ರೆಯ ಯಂತ್ರದಿಂದ ಯುವಿಎ ಎಂಬ ನೇರಳಾತೀತ ಬೆಳಕು ಕೊಡುವ ಕ್ರಮಕ್ಕೆ ಪುವಾ ಎಂದೂ, ಯಂತ್ರದ ಬದಲು ಸೂರ್ಯನ ಬೆಳಕನ್ನು ಬಳಸುವ ಕ್ರಮಕ್ಕೆ ಪುವಾಸೋಲ್ ಎಂದೂ ಹೆಸರು. 1974ರಲ್ಲಿ ಅಮೆರಿಕದ ವೈದ್ಯರು ಸೋರಿಯಾಸಿಸ್ ರೋಗಕ್ಕೆ ಪುವಾ ಕೊಟ್ಟು ಗುಣ ಕಂಡ ಬಳಿಕ ಇದು ಜಗತ್ತಿನಾದ್ಯಂತ ಹರಡಿತು.

ಚರ್ಮದೊಳಗೆ ನಡೆಯುವುದೇನು

ಸೊರಾಲೆನ್‌ನ ಅಣು ಮೂರು ಉಂಗುರಗಳು ಒಂದಕ್ಕೊಂದು ಅಂಟಿಕೊಂಡ ಚಪ್ಪಟೆಯಾದ ರಚನೆ. ಕೋಶದ ಡಿಎನ್‌ಎ ಏಣಿಯ ಮೆಟ್ಟಿಲುಗಳ ನಡುವೆ ಅದು ತೂರಿಕೊಂಡು ಕೂರಬಲ್ಲದು. ಕತ್ತಲಲ್ಲಿ ಅದರಿಂದ ಏನೂ ಆಗುವುದಿಲ್ಲ. 320ರಿಂದ 400 ನ್ಯಾನೋಮೀಟರ್ ಅಲೆಯುದ್ದದ ಯುವಿಎ ನೇರಳಾತೀತ ಬೆಳಕು ಬಿದ್ದಾಗ ಮಾತ್ರ ಆ ಅಣು ಎಚ್ಚೆತ್ತು ಡಿಎನ್‌ಎಯಲ್ಲಿರುವ ಥೈಮಿನ್‌ನೊಂದಿಗೆ ಬಿಗಿಯಾದ ಬಂಧ ಬೆಳೆಸುತ್ತದೆ, ಇನ್ನಷ್ಟು ಬೆಳಕು ಬಿದ್ದರೆ ಎದುರಿನ ಎಳೆಯನ್ನೂ ಕಟ್ಟಿಹಾಕುತ್ತದೆ. ಹೀಗೆ ಕಟ್ಟುಬಿದ್ದ ಕೋಶ ವಿಭಜನೆಯಾಗಲಾರದು. ಚರ್ಮದ ಕೋಶಗಳು ಅತಿವೇಗವಾಗಿ ಹೆಚ್ಚುವ ಸೋರಿಯಾಸಿಸ್‌ನಲ್ಲಿ ಇದು ಉಪಕಾರಿಯಾಗುವುದು ಈ ಕಾರಣದಿಂದ. ತೊನ್ನಿನಲ್ಲಿ ದಾಳಿಮಾಡುವ ರಕ್ಷಣಾ ಕೋಶಗಳು ತಗ್ಗುತ್ತವೆ, ಮತ್ತು ಕೂದಲಿನ ಬುಡದಲ್ಲಿ ಉಳಿದುಕೊಂಡಿರುವ ಬಣ್ಣದ ಕೋಶಗಳು ಪ್ರಚೋದನೆಗೊಂಡು ಮೇಲ್ಮೈಗೆ ಸಾಗಿಬರುತ್ತವೆ.

ಈ ಕ್ರಿಯೆಯ ಒಂದು ಲಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳಲ್ಲಿ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತವೆ. ಸಾಮಾನ್ಯ ಬಿಸಿಲಿನಿಂದಾಗುವ ಕೆಂಪು ಅದೇ ದಿನ ಅಥವಾ ಮರುದಿನದೊಳಗೆ ತಾರಕಕ್ಕೇರುತ್ತದೆ. ಸೊರಾಲೆನ್‌ನಿಂದಾಗುವ ಕೆಂಪಾದರೋ ಒಂದು ದಿನ ಕಳೆದ ಮೇಲೆ ಶುರುವಾಗಿ, 48ರಿಂದ 72 ಗಂಟೆಗಳ ಹೊತ್ತಿಗೆ, ಕೆಲವರಲ್ಲಿ ಅದಕ್ಕೂ ತಡವಾಗಿ, ತೀವ್ರವಾಗುತ್ತದೆ. ಬಿಸಿಲಿನಿಂದ ಎದ್ದು ಬಂದ ಸಂಜೆ ಚರ್ಮ ಚೆನ್ನಾಗಿಯೇ ಕಾಣುತ್ತದೆಯೆಂದು ನಂಬಿ ಮರುದಿನ ಮತ್ತೆ ಕುಳಿತವರು ಮೂರನೆಯ ದಿನ ಎರಡು ದಿನಗಳ ಸುಡುವಿಕೆಯನ್ನು ಒಟ್ಟಿಗೆ ಅನುಭವಿಸಬೇಕಾಗುತ್ತದೆ.

ಆರಂಭಿಸುವ ಮುನ್ನ

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬಾರದು. ಗರ್ಭಿಣಿಯರಿಗೆ, ಎದೆಹಾಲುಣಿಸುವ ತಾಯಂದಿರಿಗೆ, ಲೂಪಸ್ ಅಥವಾ ಪೊರ್ಫೈರಿಯದಂತಹ ಬೆಳಕಿನಿಂದ ಉಲ್ಬಣಿಸುವ ರೋಗಗಳಿರುವವರಿಗೆ, ಹಿಂದೆ ಚರ್ಮದ ಕ್ಯಾನ್ಸರ್ ಆದವರಿಗೆ, ಯಕೃತ್ತಿನ ತೀವ್ರ ತೊಂದರೆ ಇರುವವರಿಗೆ ಸೊರಾಲೆನ್ ಗುಳಿಗೆ ಸಲ್ಲದು. 12 ವರ್ಷದೊಳಗಿನ ಮಕ್ಕಳಿಗೂ ಸಾಮಾನ್ಯವಾಗಿ ಗುಳಿಗೆ ಕೊಡುವುದಿಲ್ಲ. ಬೇರೆ ಕಾಯಿಲೆಗೆ ನುಂಗುತ್ತಿರುವ ಔಷಧಿಗಳ ಪಟ್ಟಿಯನ್ನು ಬರೆದುಕೊಂಡೇ ಹೋಗಬೇಕು, ಏಕೆಂದರೆ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್, ರಕ್ತದೊತ್ತಡಕ್ಕೆ ಕೊಡುವ ಥಯಜೈಡ್ ಗುಳಿಗೆಗಳು ಮುಂತಾದವು ತಾವೇ ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುತ್ತವೆ. ಸೈಕ್ಲೋಸ್ಪೊರಿನ್ ತೆಗೆದುಕೊಳ್ಳುವವರಲ್ಲಿ ಪುವಾ ಚಿಕಿತ್ಸೆಯಿಂದ ಚರ್ಮದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಚಿಕಿತ್ಸೆಗೆ ಮುನ್ನ ಕಣ್ಣಿನ ತಪಾಸಣೆ ಮತ್ತು ಯಕೃತ್ತಿನ ರಕ್ತಪರೀಕ್ಷೆ ಮಾಡಿಸುವುದು ರೂಢಿ.

ಹತ್ತಿರದಲ್ಲಿ ನ್ಯಾರೋಬ್ಯಾಂಡ್ ಯುವಿಬಿ ಯಂತ್ರವಿರುವ ಆಸ್ಪತ್ರೆಯಿದ್ದರೆ ಅದನ್ನೇ ಮೊದಲು ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. 311 ನ್ಯಾನೋಮೀಟರ್ ಬೆಳಕನ್ನು ಬಳಸುವ ಆ ಕ್ರಮದಲ್ಲಿ ಸೊರಾಲೆನ್ ನುಂಗಬೇಕಾಗಿಲ್ಲ, ವಾಕರಿಕೆಯಿಲ್ಲ, ದಿನವಿಡೀ ಕನ್ನಡಕ ಧರಿಸುವ ಕಷ್ಟವಿಲ್ಲ, ಗರ್ಭಿಣಿಯರಿಗೂ ಮಕ್ಕಳಿಗೂ ಅದನ್ನು ಕೊಡಬಹುದು. ಈಗ ಬಹುತೇಕ ಕಡೆಗಳಲ್ಲಿ ಅದು ಪುವಾದ ಸ್ಥಾನವನ್ನು ತೆಗೆದುಕೊಂಡಿದೆ. ಆದರೆ ವಾರಕ್ಕೆ ಎರಡು ಮೂರು ಸಲ ಕೂಲಿ ಬಿಟ್ಟು, ಬಸ್ಸು ಹಿಡಿದು, ಹಳ್ಳಿಯಿಂದ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ತಿಂಗಳುಗಟ್ಟಲೆ ಹೋಗಿಬರುವುದು ಎಲ್ಲರಿಂದಲೂ ಆಗುವ ಮಾತಲ್ಲ. ಅಂಥವರಿಗೆ ಪುವಾಸೋಲ್ ಈಗಲೂ ಬೆಲೆಯುಳ್ಳ ಚಿಕಿತ್ಸೆಯೇ.

ಗುಳಿಗೆಯ ಕ್ರಮ

ದೇಹದ ಹೆಚ್ಚು ಭಾಗದಲ್ಲಿ ಮಚ್ಚೆಗಳಿರುವವರಿಗೆ ಗುಳಿಗೆ ಕೊಡಲಾಗುತ್ತದೆ. ಪ್ರಮಾಣವನ್ನು ದೇಹದ ತೂಕಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಾರೆ. ಪ್ರತಿ ಕಿಲೋಗೆ 0.6 ಮಿಲಿಗ್ರಾಂ ಸಾಮಾನ್ಯವಾಗಿ ಬಳಕೆಯಲ್ಲಿರುವ ಅಳತೆ. ಆದ್ದರಿಂದ ಮನೆಯಲ್ಲಿ ಇಬ್ಬರಿಗೆ ತೊನ್ನಿದ್ದರೂ ಒಬ್ಬರ ಗುಳಿಗೆಯ ಲೆಕ್ಕ ಇನ್ನೊಬ್ಬರಿಗೆ ಹೊಂದುವುದಿಲ್ಲ. ಗುಳಿಗೆಯನ್ನು ಬಿಸಿಲಿಗೆ ಹೋಗುವ ಸುಮಾರು ಎರಡು ಗಂಟೆಗಳ ಮೊದಲು, ವೈದ್ಯರು ಹೇಳಿದ ಹೊತ್ತಿಗೆ ಸರಿಯಾಗಿ, ತಿಂಡಿ ಅಥವಾ ಹಾಲಿನೊಂದಿಗೆ ನುಂಗಬೇಕು. ಬರಿಹೊಟ್ಟೆಯಲ್ಲಿ ನುಂಗಿದರೆ ವಾಕರಿಕೆ ಬರುವ ಸಂಭವ ಹೆಚ್ಚು. ಔಷಧಿ ರಕ್ತಕ್ಕೆ ಸೇರುವ ವೇಗವನ್ನು ಆಹಾರ ಬದಲಿಸುವುದರಿಂದ, ಒಂದು ದಿನ ಒಣ ಇಡ್ಲಿ, ಇನ್ನೊಂದು ದಿನ ತುಪ್ಪ ಸುರಿದ ದೋಸೆ ಎಂದು ಮಾಡದೆ ಚಿಕಿತ್ಸೆಯ ದಿನಗಳಲ್ಲಿ ಒಂದೇ ಬಗೆಯ ತಿಂಡಿ ತಿನ್ನುವುದು ಒಳ್ಳೆಯದು.

ಗುಳಿಗೆ ನುಂಗಿದ ಕ್ಷಣದಿಂದ ಕಣ್ಣಿನ ರಕ್ಷಣೆ ಆರಂಭವಾಗಬೇಕು. ಔಷಧಿ ರಕ್ತದ ಮೂಲಕ ಕಣ್ಣಿನ ಮಸೂರವನ್ನೂ ತಲುಪುತ್ತದೆ, ಅಲ್ಲಿ ಯುವಿಎ ಬಿದ್ದರೆ ಮಸೂರದ ಪ್ರೋಟೀನುಗಳಿಗೆ ಅಂಟಿಕೊಂಡು ಪೊರೆಗೆ ಕಾರಣವಾಗಬಹುದು. ಬದಿಗಳಿಂದಲೂ ಬೆಳಕು ನುಸುಳದಂತೆ ಕಣ್ಣನ್ನು ಸುತ್ತುವರಿಯುವ, ಯುವಿಎಯನ್ನು ಪೂರ್ತಿ ತಡೆಯುತ್ತದೆಂದು ಖಚಿತವಾದ ಕನ್ನಡಕವನ್ನು 24 ಗಂಟೆಗಳ ಅವಧಿಯಲ್ಲಿ ಹಗಲಿರುವಷ್ಟು ಹೊತ್ತು ಧರಿಸಬೇಕು. ಸಂತೆಯಲ್ಲಿ ಸಿಗುವ ಬರಿಯ ಕಪ್ಪು ಗಾಜಿನ ಕನ್ನಡಕ ಇದಕ್ಕೆ ಸಾಲದು; ಕಪ್ಪು ಬಣ್ಣದಿಂದ ಪಾಪೆ ಹಿಗ್ಗಿ, ತಡೆಯದ ಯುವಿಎ ಇನ್ನಷ್ಟು ಒಳಹೋಗಬಹುದು. ಕಿಟಕಿಯ ಗಾಜು ಯುವಿಎಯನ್ನು ಬಹುಮಟ್ಟಿಗೆ ಒಳಗೆ ಬಿಡುವುದರಿಂದ ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕುಳಿತಾಗಲೂ, ಮನೆಯೊಳಗೆ ಕಿಟಕಿಯ ಬಳಿ ಇದ್ದಾಗಲೂ ಕನ್ನಡಕ ತೆಗೆಯಬಾರದು. ಒಂದು ದಿನದೊಳಗೆ ಔಷಧಿಯ ಬಹುಭಾಗ ಮೂತ್ರದ ಮೂಲಕ ಹೊರಹೋಗುತ್ತದೆ, 24 ಗಂಟೆಯ ಲೆಕ್ಕ ಬಂದಿರುವುದು ಅದರಿಂದಲೇ.

ಬಿಸಿಲಿಗೆ ಕುಳಿತುಕೊಳ್ಳುವಾಗ ಬಿಳಿ ಮಚ್ಚೆಗಳಿಗೆ ಮಾತ್ರ ಬೆಳಕು ಬೀಳಬೇಕು. ಉಳಿದ ಭಾಗವನ್ನು ದಟ್ಟ ನೇಯ್ಗೆಯ ಬಟ್ಟೆಯಿಂದ ಮುಚ್ಚಬೇಕು, ಮುಚ್ಚಲಾಗದ ಸುತ್ತಲಿನ ಚರ್ಮಕ್ಕೆ ಸನ್‌ಸ್ಕ್ರೀನ್ ಹಚ್ಚಬೇಕು. ಇಲ್ಲವಾದರೆ ಸುತ್ತಲಿನ ಚರ್ಮ ಇನ್ನಷ್ಟು ಕಪ್ಪಾಗಿ ಮಚ್ಚೆ ಮೊದಲಿಗಿಂತ ಎದ್ದುಕಾಣುತ್ತದೆ, ಮತ್ತು ಅನೇಕರು ರೋಗ ಹೆಚ್ಚಾಯಿತೆಂದು ಭಾವಿಸಿ ಚಿಕಿತ್ಸೆಯನ್ನೇ ಬಿಡುತ್ತಾರೆ. ಮೊದಲ ದಿನ ಸಾಮಾನ್ಯವಾಗಿ 5 ನಿಮಿಷದಿಂದ ಆರಂಭಿಸಿ, ಚರ್ಮ ತಾಳಿಕೊಂಡರೆ ವೈದ್ಯರು ಹೇಳಿದಂತೆ ಸ್ವಲ್ಪ ಸ್ವಲ್ಪವಾಗಿ ಏರಿಸಲಾಗುತ್ತದೆ. ಸಮಯವನ್ನು ಅಂದಾಜಿಗೆ ಬಿಡದೆ ಮೊಬೈಲಿನ ಅಲಾರಂ ಇಟ್ಟುಕೊಳ್ಳಬೇಕು. ದಿನದ ಯಾವ ಹೊತ್ತೆಂದು ವೈದ್ಯರು ಹೇಳುತ್ತಾರೋ ಪ್ರತಿ ಸಲವೂ ಅದೇ ಹೊತ್ತನ್ನು ಪಾಲಿಸಬೇಕು, ಏಕೆಂದರೆ ಬೆಳಗಿನ ಎಂಟರ ಬಿಸಿಲಿನ ಐದು ನಿಮಿಷವೂ ನಡುಹಗಲಿನ ಐದು ನಿಮಿಷವೂ ಸಮಾನವಲ್ಲ. ಮೋಡದ ದಿನಗಳು ಮುಗಿದು ಬಿಸಿಲು ಮರಳಿದಾಗ, ಮಳೆಗಾಲದಲ್ಲಿ ತಲುಪಿದ್ದ ನಿಮಿಷಗಳಿಂದಲೇ ಮುಂದುವರಿಯದೆ ಮತ್ತೆ ಕೆಳಗಿನಿಂದ ಏರುವುದು ಕ್ಷೇಮ. ಕರಾವಳಿ ಮತ್ತು ಮಲೆನಾಡಿನವರು ಇದನ್ನು ವಿಶೇಷವಾಗಿ ಗಮನಿಸಬೇಕು.

ಒಂದು ಸಲ ಕುಳಿತ ಮೇಲೆ ಮತ್ತೆ ಕುಳಿತುಕೊಳ್ಳಲು ಕನಿಷ್ಠ 48 ಗಂಟೆಗಳ ಅಂತರವಿರಲೇಬೇಕು; ವಾರಕ್ಕೆ ಎರಡು ಅಥವಾ ಮೂರು ಸಲ ಸಾಕು. ಬೇಗ ಗುಣವಾಗಲೆಂದು ದಿನವೂ ಕುಳಿತುಕೊಳ್ಳುವುದರಿಂದ ಸುಟ್ಟಗಾಯಗಳಲ್ಲದೆ ಬೇರೇನೂ ಬರುವುದಿಲ್ಲ, ಮತ್ತು ಗಾಯವಾದ ಜಾಗದಲ್ಲಿ ತೊನ್ನು ಹೊಸದಾಗಿ ಹುಟ್ಟಿಕೊಳ್ಳುವ ಸಾಧ್ಯತೆಯೂ ಇದೆ. ಮುಂದಿನ ಸರದಿಗೆ ಮುನ್ನ ಮಚ್ಚೆಯನ್ನು ಹಗಲಿನ ಬೆಳಕಿನಲ್ಲಿ ನೋಡಬೇಕು. ತಿಳಿ ಗುಲಾಬಿ ಬಣ್ಣವಿದ್ದರೆ ಬೆಳಕು ಸಾಕಷ್ಟು ಸಿಕ್ಕಿದೆಯೆಂದು ತಿಳಿದು ನಿಮಿಷಗಳನ್ನು ಏರಿಸದೆ ಅಷ್ಟಕ್ಕೇ ನಿಲ್ಲಿಸಬೇಕು. ಕಡುಗೆಂಪು, ಉರಿ, ನೋವು ಅಥವಾ ಗುಳ್ಳೆ ಇದ್ದರೆ ಅದು ಪೂರ್ತಿ ಇಳಿಯುವವರೆಗೆ ಚಿಕಿತ್ಸೆ ನಿಲ್ಲಿಸಿ, ವೈದ್ಯರನ್ನು ಕೇಳಿ, ಕಡಿಮೆ ನಿಮಿಷಗಳಿಂದ ಮತ್ತೆ ಆರಂಭಿಸಬೇಕು. ಬಿಸಿಲಿನಿಂದ ಎದ್ದುಬಂದ ಮೇಲೆ ಔಷಧಿ ಇನ್ನೂ ದೇಹದಲ್ಲಿಯೇ ಇರುವುದರಿಂದ, ಅಂದು ಉಳಿದ ಹಗಲನ್ನು ಆದಷ್ಟು ಮನೆಯೊಳಗೆ ಕಳೆಯಬೇಕು. ಗದ್ದೆಯ ಕೆಲಸವಿರುವ ದಿನ ಗುಳಿಗೆ ನುಂಗಬಾರದು.

ಹಚ್ಚುವ ಔಷಧಿ

ಒಂದೆರಡು ಸಣ್ಣ ಮಚ್ಚೆಗಳಿರುವವರಿಗೆ ಮೆಥಾಕ್ಸಲೆನ್ ದ್ರಾವಣವನ್ನು ಹಚ್ಚಲು ಕೊಡುತ್ತಾರೆ. ಗುಳಿಗೆಗಿಂತ ಇದು ನಿರಪಾಯಕಾರಿ ಎಂದು ಜನ ತಿಳಿಯುತ್ತಾರೆ, ವಾಸ್ತವದಲ್ಲಿ ಬೊಬ್ಬೆಗಳು ಏಳುವುದು ಇದರಿಂದಲೇ ಹೆಚ್ಚು. ಅಂಗಡಿಯಲ್ಲಿ ಸಿಗುವ ಶೇ. 1ರ ದ್ರಾವಣ ಬಹಳ ತೀಕ್ಷ್ಣವಾದದ್ದು. ವೈದ್ಯರು ಅದನ್ನು ಹತ್ತರಿಂದ ನೂರು ಪಟ್ಟು ತೆಳುಗೊಳಿಸಿ ಬಳಸಲು ಹೇಳುವುದುಂಟು. ಹೇಗೆ, ಯಾವುದರಲ್ಲಿ ತೆಳುಗೊಳಿಸಬೇಕೆಂದು ಬರೆಸಿಕೊಂಡೇ ಬರಬೇಕು. ಹತ್ತಿಕಡ್ಡಿಯಿಂದ ಮಚ್ಚೆಯ ಅಂಚಿಗಿಂತ ತುಸು ಒಳಗೇ ತೆಳುವಾಗಿ ಹಚ್ಚಬೇಕು, ಹಚ್ಚಿದ ಕೈಯನ್ನು ಸೋಪಿನಿಂದ ತೊಳೆಯಬೇಕು, ಸುಮಾರು ಅರ್ಧ ಗಂಟೆ ನೆರಳಿನಲ್ಲಿದ್ದು ನಂತರ ಬಿಸಿಲಿಗೆ ಹೋಗಬೇಕು. ಇಲ್ಲಿ ಲೆಕ್ಕ ಆರಂಭವಾಗುವುದು ಅರ್ಧ ನಿಮಿಷ, ಒಂದು ನಿಮಿಷದಿಂದ. ಮುಗಿದ ಕೂಡಲೇ ಸೋಪು ಹಾಕಿ ತೊಳೆದು, ಸನ್‌ಸ್ಕ್ರೀನ್ ಹಚ್ಚಿ, ಆ ಜಾಗವನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು.

ಒಂದು ಪುಸ್ತಕದಲ್ಲಿ ದಿನಾಂಕ, ಔಷಧಿ, ಹೊತ್ತು, ನಿಮಿಷ ಮತ್ತು ಮೂರನೆಯ ದಿನ ಚರ್ಮ ಕಂಡ ಬಗೆಯನ್ನು ಬರೆದಿಡುತ್ತ ಬಂದರೆ, ಮುಂದಿನ ಭೇಟಿಯಲ್ಲಿ ವೈದ್ಯರು ಪ್ರಮಾಣವನ್ನು ಸರಿಪಡಿಸಲು ಅದಕ್ಕಿಂತ ಉಪಯುಕ್ತವಾದದ್ದು ಬೇರಿಲ್ಲ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಚಿತ್ರ ತೆಗೆದಿಡಬೇಕು. ಬಣ್ಣ ಮರಳುವುದು ಕೂದಲಿನ ಬುಡದ ಸುತ್ತ ಸಣ್ಣ ಕಂದು ಚುಕ್ಕೆಗಳಾಗಿ. ಆ ಚುಕ್ಕೆಗಳು ಮೆಲ್ಲಗೆ ಹಿಗ್ಗಿ ಒಂದರೊಳಗೊಂದು ಸೇರುತ್ತವೆ. ಎರಡು ಮೂರು ತಿಂಗಳವರೆಗೆ ಏನೂ ಕಾಣದಿದ್ದರೆ ಎದೆಗುಂದಬಾರದು. ಮುಖ ಮತ್ತು ಕುತ್ತಿಗೆ ಚೆನ್ನಾಗಿ ಸ್ಪಂದಿಸುತ್ತವೆ, ಬೆರಳ ತುದಿ, ತುಟಿ, ಪಾದ ಹಾಗೂ ಕೂದಲೇ ಬೆಳ್ಳಗಾದ ಮಚ್ಚೆಗಳು ಸ್ಪಂದಿಸುವುದು ಕಡಿಮೆ. ಆರು ತಿಂಗಳ ಕ್ರಮಬದ್ಧ ಚಿಕಿತ್ಸೆಯ ನಂತರವೂ ಚುಕ್ಕೆ ಕಾಣದಿದ್ದರೆ ಬೇರೆ ದಾರಿಯ ಬಗ್ಗೆ ವೈದ್ಯರೊಂದಿಗೆ ಮಾತನಾಡಬೇಕು. ಬಹಳ ವರ್ಷ ಪುವಾ ಪಡೆದ ಬಿಳಿಯ ಜನಾಂಗದ ರೋಗಿಗಳಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚಿದ್ದು ದೀರ್ಘಕಾಲದ ಅಧ್ಯಯನಗಳಿಂದ ತಿಳಿದಿದೆ. ನಮ್ಮ ಚರ್ಮದಲ್ಲಿ ಆ ಅಪಾಯ ಕಡಿಮೆಯಾದರೂ ಚಿಕಿತ್ಸೆಯನ್ನು ಕೊನೆಯಿಲ್ಲದಂತೆ ಎಳೆಯಬಾರದು, ವರ್ಷಕ್ಕೊಮ್ಮೆ ಚರ್ಮವನ್ನು ಪೂರ್ತಿ ಪರೀಕ್ಷಿಸಿಕೊಳ್ಳಬೇಕು.

ಬಾವಂಚಿ ಎಣ್ಣೆಯ ಬಗ್ಗೆ

ಆಯುರ್ವೇದದ ಅನುಭವವನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಬಾಕುಚಿಯನ್ನು ಶೋಧನೆ, ಅಂದರೆ ಶುದ್ಧೀಕರಣ, ಮಾಡಿಯೇ ಬಳಸಬೇಕೆಂದು ಆ ಶಾಸ್ತ್ರವೇ ಹೇಳುತ್ತದೆ, ಅದರ ತೀಕ್ಷ್ಣತೆಯನ್ನು ಬಲ್ಲವರು ಇಟ್ಟ ನಿಯಮ ಅದು. ಆದರೆ ಬೀಜದಲ್ಲಿರುವ ಸೊರಾಲೆನ್ ಪ್ರಮಾಣ ಬೆಳೆದ ನೆಲ ಮತ್ತು ಹಂಗಾಮಿನೊಂದಿಗೆ ಬದಲಾಗುತ್ತದೆ, ಎಣ್ಣೆಯ ಶೀಶೆಯ ಮೇಲೆ ಆ ಅಂಕಿ ಇರುವುದಿಲ್ಲ. ಬೀಜದ ಪುಡಿಯನ್ನು ಹೊಟ್ಟೆಗೆ ತೆಗೆದುಕೊಂಡವರಲ್ಲಿ ಯಕೃತ್ತು ಉರಿಯೂತಗೊಂಡ ಪ್ರಕರಣಗಳೂ ವೈದ್ಯಕೀಯ ವರದಿಗಳಲ್ಲಿವೆ. ಅರ್ಹ ಆಯುರ್ವೇದ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರು ಜೊತೆಗೆ ಸೊರಾಲೆನ್ ಗುಳಿಗೆಯನ್ನೂ ನುಂಗಬಾರದು, ಎರಡೂ ಕಡೆಯ ವೈದ್ಯರಿಗೆ ವಿಷಯ ತಿಳಿಸಬೇಕು. ಸೌಂದರ್ಯವರ್ಧಕಗಳಲ್ಲಿ ಈಗ ಹೆಸರಾಗಿರುವ ಬಾಕುಚಿಯಾಲ್ ಅದೇ ಬೀಜದಿಂದ ಬರುವ ಬೇರೆ ವಸ್ತು. ಶುದ್ಧವಾಗಿದ್ದರೆ ಅದು ಚರ್ಮವನ್ನು ಬೆಳಕಿಗೆ ಸೂಕ್ಷ್ಮಗೊಳಿಸುವುದಿಲ್ಲ, ತೊನ್ನಿಗೆ ಔಷಧಿಯೂ ಅಲ್ಲ.

ಅಡುಗೆಮನೆಯಲ್ಲಿಯೂ ಈ ಕ್ರಿಯೆ ನಡೆಯುತ್ತದೆ. ಮದುವೆಮನೆಯಲ್ಲಿ ನೂರಾರು ನಿಂಬೆಹಣ್ಣು ಹಿಂಡಿ ಕೈ ತೊಳೆಯದೆ ಬಿಸಿಲಿಗೆ ಹೋದವರಿಗೆ, ಅಂಜೂರದ ಹಾಲು ಮೈಗೆ ತಾಗಿಸಿಕೊಂಡವರಿಗೆ, ನಾಗದಾಳಿ ಸೊಪ್ಪನ್ನು ಕಿವುಚಿದವರಿಗೆ ಒಂದೆರಡು ದಿನಗಳ ನಂತರ ರಸ ಹರಿದ ಗೆರೆಯಂತೆಯೇ ಉರಿ, ಗುಳ್ಳೆ, ಬಳಿಕ ವಾರಗಟ್ಟಲೆ ಉಳಿಯುವ ಕಪ್ಪು ಕಲೆ ಕಾಣಿಸಿಕೊಳ್ಳಬಹುದು. ಮಕ್ಕಳ ಬೆನ್ನ ಮೇಲೆ ಬೆರಳಿನ ಗುರುತಿನಂತೆ ಮೂಡಿದ ಇಂತಹ ಕಲೆಗಳನ್ನು ಹೊಡೆತದ ಗುರುತೆಂದು ವೈದ್ಯರೇ ತಪ್ಪು ತಿಳಿದದ್ದುಂಟು. ನಿಂಬೆಯ ಸಿಪ್ಪೆಯಲ್ಲಿ ತಿರುಳಿಗಿಂತ ಎಷ್ಟೋ ಹೆಚ್ಚು ಸೊರಾಲೆನ್ ಬಂಧುಗಳಿರುವ ಕಾರಣ, ಮುಖ ಬೆಳ್ಳಗಾಗಲೆಂದು ನಿಂಬೆಹೋಳು ಉಜ್ಜಿಕೊಂಡು ಹೊರಗೆ ಹೋಗುವ ಅಭ್ಯಾಸವನ್ನು ಬಿಡಬೇಕು, ಸೊರಾಲೆನ್ ಚಿಕಿತ್ಸೆಯಲ್ಲಿರುವವರಂತೂ ಖಂಡಿತ ಬಿಡಬೇಕು. ರಸ ತಾಗಿದ ತಕ್ಷಣ ಸೋಪು ನೀರಿನಿಂದ ತೊಳೆದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಚರ್ಮದ ಆಚೆಗೂ ಈ ವಸ್ತುವಿಗೆ ಕೆಲಸವಿದೆ. ರೋಗಿಯ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ, ಮೆಥಾಕ್ಸಲೆನ್ ಬೆರೆಸಿ, ಯುವಿಎ ಹಾಯಿಸಿ ಮತ್ತೆ ದೇಹಕ್ಕೆ ಸೇರಿಸುವ ಫೋಟೋಫೆರಿಸಿಸ್ ಕ್ರಮಕ್ಕೆ 1988ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಟಿ-ಕೋಶ ಲಿಂಫೋಮಾ ಕ್ಯಾನ್ಸರಿಗೂ, ಅಸ್ಥಿಮಜ್ಜೆ ಕಸಿಯ ನಂತರದ ತೊಡಕಿಗೂ ಅದನ್ನು ಬಳಸುತ್ತಾರೆ. ಅಮೊಟೊಸಲೆನ್ ಎಂಬ ಕೃತಕ ಸೊರಾಲೆನ್ ಅನ್ನು ದಾನದ ಪ್ಲೇಟ್‌ಲೆಟ್ ಮತ್ತು ಪ್ಲಾಸ್ಮಾದಲ್ಲಿರಬಹುದಾದ ರೋಗಾಣುಗಳ ಡಿಎನ್‌ಎ ಕಟ್ಟಿಹಾಕಲು ಕೆಲವು ದೇಶಗಳ ರಕ್ತನಿಧಿಗಳು ಉಪಯೋಗಿಸುತ್ತವೆ.

ತುರ್ತಿನ ಸಂದರ್ಭ

ಚರ್ಮ ಕೆಂಪಾಗಿ ಉರಿಯುತ್ತಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಹಾಕಿ, ಬೆಳಕಿನಿಂದ ದೂರವಿದ್ದು, ಗುಳ್ಳೆಗಳನ್ನು ಒಡೆಯದೆ ವೈದ್ಯರನ್ನು ಕಾಣಬೇಕು. ಟೂತ್‌ಪೇಸ್ಟ್, ಅರಿಶಿನ, ಸುಣ್ಣ ಯಾವುದನ್ನೂ ಹಚ್ಚಬಾರದು. ಮೈಯ ದೊಡ್ಡ ಭಾಗ ಸುಟ್ಟಿದ್ದರೆ, ಜ್ವರ ಬಂದಿದ್ದರೆ, ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಮರುದಿನದವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಯಾರಾದರೂ ತಪ್ಪಿ ಹೆಚ್ಚು ಗುಳಿಗೆ ನುಂಗಿದ್ದರೆ, ವಿಶೇಷವಾಗಿ ಮಕ್ಕಳು ನುಂಗಿದ್ದರೆ, ಮೈಪೂರ್ತಿ ಮುಚ್ಚಿ, ಕಣ್ಣಿಗೆ ಬಟ್ಟೆ ಕಟ್ಟಿ, ಬಿಸಿಲು ತಾಗದಂತೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಅಲ್ಲಿಂದ ಮುಂದೆ ಕನಿಷ್ಠ 24 ಗಂಟೆ ಅವರನ್ನು ಕತ್ತಲು ಮಾಡಿದ ಕೋಣೆಯಲ್ಲಿ ಇರಿಸಬೇಕಾಗುತ್ತದೆ. ಹೋಗುವಾಗ ಗುಳಿಗೆಯ ಪಟ್ಟಿಯನ್ನು ಜೊತೆಯಲ್ಲಿ ಒಯ್ದು, ಎಷ್ಟು ಗುಳಿಗೆಗಳನ್ನು ಎಷ್ಟು ಹೊತ್ತಿಗೆ ನುಂಗಿದರೆಂದು ವೈದ್ಯರಿಗೆ ಮೊದಲೇ ಹೇಳಬೇಕು.